ಕಬ್ಬಿಣದ ಹುಲಿಗೆ ಎಷ್ಟು ಬಲ ಬೇಕು?

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಆಫೀಸು, ರಿಲೀಸು, ಮಳೆ.... ನೆಪಗಳಿಗೇನು ಬರ! ಆದರೆ ಶನಿವಾರ ಸಂಜೆಯ ಆಟವನ್ನು ಮಾತ್ರ ತಪ್ಪಿಸಿಲ್ಲ. ಮಣಿಪಾಲದ ನನ್ನ ರೂಮಿನಲ್ಲಿ ನಾವು ನಾಲ್ಕು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೇವೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. "ಕಂಪ್ಯೂಟರ್ ಗೇಮಾ?" ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ: ತಾಳಮದ್ದಳೆ. ವೇಷ ಇಲ್ಲ, ರಂಗ ಇಲ್ಲ, ಕೂತಲ್ಲೇ ಮಾತಿನಲ್ಲಿ ಕತೆ ಕಟ್ಟುವುದು. ಉಳಿದ ಮೂವರು ಅರ್ಥಧಾರಿಗಳು, ಡಂಜನ್ ಮಾಸ್ಟರ್ ಆದ ನಾನು ಭಾಗವತ. ಪದ ಹೇಳುವ ಕಂಠ ನನಗಿಲ್ಲ, ಅದಕ್ಕೆ ಇಪ್ಪತ್ತು ಮುಖದ ದಾಳ ಉಂಟು :)

ಈ ಆಟದಲ್ಲಿ ಮಂತ್ರದಿಂದ ನಡೆಯುವ ಬೊಂಬೆಗಳಿವೆ. ಮಣ್ಣಿನದ್ದು, ಕಲ್ಲಿನದ್ದು, ಕಬ್ಬಿಣದ್ದು. ಇಂಥವಕ್ಕೆಲ್ಲ ಸೇರಿ ಕನ್‌ಸ್ಟ್ರಕ್ಟ್ ಅಂತ ಹೆಸರು. ಯಹೂದಿಗಳ ಜನಪದ ಕತೆಯ ಗೋಲೆಮ್ ಇದರಲ್ಲಿ ಮುಖ್ಯವಾದದ್ದು. ನಮಗೂ ಇದು ಹೊಸದೇನಲ್ಲ, ವಿಕ್ರಮಾದಿತ್ಯನ ಸಿಂಹಾಸನದ 32 ಬೊಂಬೆಗಳು ಭೋಜರಾಜನನ್ನೇ ತಡೆದು ನಿಲ್ಲಿಸಿದವಲ್ಲ!

ನಮ್ಮ ಗುಂಪಿನಲ್ಲಿ ಬೊಂಬೆ ಮಾಡಿದವನು ಕಾಪುವಿನ ಹುಡುಗ. ಅವನ ಪಾತ್ರ ಆರ್ಟಿಫಿಸರ್, ಅದರಲ್ಲೂ ಬ್ಯಾಟಲ್ ಸ್ಮಿತ್. ಇಂಥವನಿಗೆ ಸ್ಟೀಲ್ ಡಿಫೆಂಡರ್ ಅಂತ ಒಂದು ಲೋಹದ ಜೊತೆಗಾರ ಸಿಗುತ್ತದೆ. ಎರಡು ಕಾಲೋ ನಾಲ್ಕು ಕಾಲೋ, ರೂಪ ಹೇಗೂ ಇರಬಹುದು, ಬಲ ಒಂದೇ. ಇವನು ಮಾಡಿದ್ದು ಹುಲಿ. ಅದೂ ಕಾಡಿನ ಹುಲಿಯಲ್ಲ, ಉಡುಪಿ ಅಷ್ಟಮಿಯ ಹುಲಿವೇಷದ ಹುಲಿ! ಹಳದಿ ಬಣ್ಣ, ಕಪ್ಪು ಪಟ್ಟೆ, ತಾಸೆಯ ಪೆಟ್ಟಿಗೆ ಕುಣಿಯುವ ಹುಲಿ. ನಮಗೆಲ್ಲ ಖುಷಿಯೋ ಖುಷಿ.

2020ರಲ್ಲಿ ಬಂದ 'ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್' ಪುಸ್ತಕದ ನಿಯಮದಂತೆ ಈ ಹುಲಿಯ ಜೀವಾಂಕ ಎಂದರೆ 2, ಅದಕ್ಕೆ ಯಜಮಾನನ ಬುದ್ಧಿಯ ಅಂಕ, ಮತ್ತೆ ಅವನ ಮಟ್ಟದ ಐದು ಪಟ್ಟು. ಆರನೇ ಮಟ್ಟದಲ್ಲಿ 2 + 4 + 30 = 36. ರಕ್ಷಣೆ 15. ಸಾಧಾರಣ ಪ್ರಾಣಿ. ಆದರೆ ಕಾಪುವಿನ ಹುಡುಗನ ತಲೆ ಸಾಧಾರಣ ಅಲ್ಲ. ಮೊದಲು ಹುಲಿಗೆ ಲೋಹದ ಕವಚ ತೊಡಿಸಿದ. ಪ್ರಾಣಿಯ ಕವಚಕ್ಕೆ ನಾಲ್ಕು ಪಟ್ಟು ಬೆಲೆ, 6,000 ಚಿನ್ನದ ನಾಣ್ಯ. ರಕ್ಷಣೆ 18. ಕವಚಕ್ಕೆ ತನ್ನದೇ ಮಾಯಾಲೇಪ ಹಚ್ಚಿದ, 19. ನಮ್ಮ ಡಾಕ್ಟರ್ (ಮೆಡಿಕಲ್ ಓದುತ್ತಿರುವವನು, ಆಟದಲ್ಲಿ ಮಾಂತ್ರಿಕ) ಹೇಸ್ಟ್ ಮಂತ್ರ ಹಾಕಿದ, 21. ಮೇಲಿಂದ ಹುಲಿಯನ್ನು ದೊಡ್ಡದು ಮಾಡುವ ಎನ್‌ಲಾರ್ಜ್. ಹುಲಿ ಬಂತೆಂದರೆ ಶತ್ರುಗಳು ಓಡಬೇಕು, ಅಷ್ಟೆ.

ಪುಸ್ತಕದ ಪ್ರಕಾರ ಇದರಲ್ಲಿ ಹೆಚ್ಚಿನದೆಲ್ಲ ಸರಿಯೇ. ಕವಚದ ಅಭ್ಯಾಸ ಹುಲಿಗೆ ಉಂಟಾ ಅನ್ನುವುದೊಂದು ತಕರಾರು, ಅದನ್ನು ನಾನು ಬಿಟ್ಟುಕೊಟ್ಟೆ. ತೊಂದರೆ ಬೇರೆ ಕಡೆ ಇತ್ತು. ನಾಲ್ಕನೆಯವಳು ಕಾರ್ಕಳದಿಂದ ಬಸ್ಸು ಹಿಡಿದು ಬರುತ್ತಾಳೆ. ಕತ್ತಿ ಹಿಡಿದ ಯೋಧೆಯ ಪಾತ್ರ. ಮೂರು ಶನಿವಾರ ಅವಳು ದಾಳ ಎಸೆದದ್ದು ಒಟ್ಟು ಹತ್ತು ಸಲ ಇರಬಹುದೇನೋ. ಅವಳ ಸರದಿ ಬರುವಷ್ಟರಲ್ಲಿ ಹುಲಿ ಎಲ್ಲ ಮುಗಿಸಿರುತ್ತಿತ್ತು. ಬಸ್ಸಿಗೆ ಕಾಯುವಾಗ ನಗುತ್ತಲೇ ಹೇಳಿದಳು, "ಹುಲಿ ಎಲ್ಲ ಮಾಡ್ತದಲ್ಲ ಮಾರಾಯ, ನಾನು ಬರುವುದು ಎಂತಕ್ಕೆ?" ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ತಲೆನೋವಂತೆ. ತಾಳಮದ್ದಳೆಯಲ್ಲೂ ಹೀಗಾಗುವುದನ್ನು ನೀವು ನೋಡಿರಬಹುದು. ಒಬ್ಬ ಅರ್ಥಧಾರಿ ರಾತ್ರಿಯಿಡೀ ಮಾತಾಡಿದರೆ ಎದುರಿನವನು ಎಲೆ ಅಡಿಕೆ ಜಗಿಯುತ್ತ ಕೂತಿರಬೇಕಾಗ್ತದೆ. ನಾಲ್ವರಲ್ಲಿ ಒಬ್ಬರು ಹೋದರೆ ನಮ್ಮ ಆಟ ಮುಗಿದ ಹಾಗೆ.

ಹುಲಿಯನ್ನು ನಿಷೇಧಿಸುವುದು ಸುಲಭ. ಆದರೆ ಅದು ಎರಡು ವರ್ಷ ಕೂತು ಅವನು ಕಟ್ಟಿದ ಪಾತ್ರ. ಅದಕ್ಕೆ ಹಳೆಯ ನಿಯಮಗಳನ್ನು ತೆಗೆದು ನೋಡಿದೆ. 2003ರ 3.5ನೇ ಆವೃತ್ತಿಯಲ್ಲಿ ಲೆಕ್ಕ ಚೊಕ್ಕವಾಗಿದೆ. ಕಲ್ಲಿನ ಗೋಲೆಮ್ ಮಾಡಲು ಕನಿಷ್ಠ 3,000 ಪೌಂಡ್ ತೂಕದ ಒಂದೇ ಬಂಡೆ ಬೇಕು, ಗ್ರಾನೈಟಿನಂಥದ್ದು. ಮಾರುಕಟ್ಟೆ ಬೆಲೆ 90,000 ನಾಣ್ಯ. ಬಲ ಹೆಚ್ಚಿಸಬೇಕಾದರೆ ಪ್ರತಿ ಮೆಟ್ಟಿಲಿಗೆ 5,000, ಗಾತ್ರವೇ ದೊಡ್ಡದಾದರೆ ಇನ್ನೂ 50,000. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಸಾಲು. ಮಾಡುವವನು ತನ್ನ ಅನುಭವದ ಅಂಕಗಳಲ್ಲಿ 3,400 ಕಳೆದುಕೊಳ್ಳಬೇಕು! ತಾನು ಗಳಿಸಿದ್ದನ್ನೇ ಬೊಂಬೆಗೆ ಸುರಿಯಬೇಕು. 2014ರ ಐದನೇ ಆವೃತ್ತಿ ಬರುವಾಗ ಅನುಭವದ ಈ ಸುಂಕ ಹೋಗಿತ್ತು.

ಒಂದೇ ಬಂಡೆ, ಗ್ರಾನೈಟ್ ಅಂದಕೂಡಲೆ ನಮಗೆ ನೆನಪಾಗುವುದು ಕಾರ್ಕಳವೇ ತಾನೆ? (ಗೋಮಟೇಶ್ವರನನ್ನು ಗೋಲೆಮ್ ಅನ್ನುತ್ತಿಲ್ಲ, ದಯವಿಟ್ಟು ಜಗಳಕ್ಕೆ ಬರಬೇಡಿ.) 42 ಅಡಿಯ ಆ ಮೂರ್ತಿಯನ್ನು ವೀರಪಾಂಡ್ಯ ನಿಲ್ಲಿಸಿದ್ದು 1432ರಲ್ಲಿ. ತುಳು ಪಾಡ್ದನದಲ್ಲಿ ಅದನ್ನು ಕೆತ್ತಿದವನು ಕಲ್ಕುಡ. ಇಂಥದ್ದು ಇನ್ನೆಲ್ಲೂ ಆಗಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿನ ಮೂರ್ತಿ ಕೆತ್ತಿದ. ವೇಣೂರಿನದ್ದು 1604ರದ್ದು, ನಡುವೆ 172 ವರ್ಷ ಅಂತ ಇತಿಹಾಸದವರು ಹೇಳಿಯಾರು. ಪಾಡ್ದನಕ್ಕೆ ಆ ಲೆಕ್ಕ ಬೇಕಿಲ್ಲ. ಕಲ್ಕುಡ, ತಂಗಿ ಕಲ್ಲುರ್ಟಿ ಇಬ್ಬರೂ ದೈವಗಳಾಗಿ ಇವತ್ತಿಗೂ ಕೋಲ ಪಡೆಯುತ್ತಾರೆ. ಪುಸ್ತಕದ 3,400 ಅಂಕ ಓದುವಾಗ ನನಗೆ ಕಂಡದ್ದು ಆ ಕಡಿದ ಕೈ.

ಸರಿ, ಒಂದು ಭಾನುವಾರ ಕಾಪುವಿಗೇ ಹೋದೆ. 1901ರ ದೀಪಸ್ತಂಭದ ಕೆಳಗೆ ಬಂಡೆಯ ಮೇಲೆ ಕೂತು ಹೇಳಿದೆ: ಹುಲಿಗೆ ಒಂದು ವರ್ಧನೆ ಪುಕ್ಕಟೆ. ಎರಡನೆಯದರಿಂದ ಪ್ರತಿಯೊಂದಕ್ಕೂ ನಿನ್ನ ಒಂದು ಹಿಟ್ ಡೈಸ್ ಕೊಡಬೇಕು. (ಹಿಟ್ ಡೈಸ್ ಅಂದರೆ ವಿಶ್ರಾಂತಿಯಲ್ಲಿ ಗಾಯ ಮಾಯಲು ಇರುವ ದಾಳಗಳು. ಅವನಲ್ಲಿ ಇದ್ದದ್ದು ಆರು.) ಐದು ನಿಮಿಷ ಸಮುದ್ರ ನೋಡಿದ. ಆಮೇಲೆ, "ಹಾಗಾದ್ರೆ ವಾರ್ಡಿಂಗ್ ಬಾಂಡ್ ಹಾಕ್ತೇನೆ" ಅಂದ. ಅದು ಪುಸ್ತಕದಲ್ಲೇ ಇರುವ ಮಂತ್ರ, ಬ್ಯಾಟಲ್ ಸ್ಮಿತ್‌ಗೆ ಐದನೇ ಮಟ್ಟದಲ್ಲಿ ಸಿಗುತ್ತದೆ. ಇಬ್ಬರೂ ಒಂದೊಂದು ಪ್ಲಾಟಿನಂ ಉಂಗುರ ಹಾಕಬೇಕು. ಹುಲಿಗೆ ಬೀಳುವ ಏಟು ಅರ್ಧ ಆಗುತ್ತದೆ, ಆ ಅರ್ಧ ಯಜಮಾನನಿಗೂ ಬೀಳುತ್ತದೆ. ನನ್ನ ಸುಂಕಕ್ಕಿಂತ ದುಬಾರಿಯದ್ದನ್ನು ಅವನೇ ಆರಿಸಿಕೊಂಡ! ಹುಲಿಯ ಉಂಗುರ ಎಲ್ಲಿಗೆ ಅಂತ ಅರ್ಧ ಗಂಟೆ ಚರ್ಚೆ. ಮೂಗಿಗೆ ಅಂತ ತೀರ್ಮಾನ.

ಕಾರ್ಕಳದವಳಿಗೆ ಫೋನ್ ಮಾಡಿ ಕರೆದದ್ದೂ ಅವನೇ. ಬಂದಳು. ಆ ಶನಿವಾರ ಎದುರಿಗೆ ಎರಡು ಹಿಲ್ ಜೈಂಟ್‌ಗಳು. ಡಾಕ್ಟರ್ ಈ ಸಲ ಹೇಸ್ಟ್ ಹಾಕಿದ್ದು ಅವಳ ಮೇಲೆ. ಹುಲಿಗೆ 18ರ ಏಟು ಎರಡು ಬಿತ್ತು, ಅಂದರೆ 9, 9. ಅವನಿಗೂ 9, 9. ಮೇಲಿಂದ ರಾಕ್ಷಸ ಎಸೆದ ಬಂಡೆ ನೇರ ಇವನಿಗೇ ತಾಗಿ 27. ಅವನಲ್ಲಿ ಇದ್ದದ್ದು ಸರಿಯಾಗಿ 45. ಬಿದ್ದ.

ಯಜಮಾನ ಬಿದ್ದರೆ ಉಂಗುರದ ಬಂಧ ಕಡಿಯುತ್ತದೆ, ಎನ್‌ಲಾರ್ಜ್ ಇಳಿಯುತ್ತದೆ. ಹುಲಿ ಮತ್ತೆ ಸಾಧಾರಣ ಹುಲಿ. ಅದರ ರಿಪೇರಿ ವಿದ್ಯೆ ಯಂತ್ರಗಳಿಗೆ, ವಸ್ತುಗಳಿಗೆ ಮಾತ್ರ, ಮನುಷ್ಯನಿಗೆ ಆಗುವುದಿಲ್ಲ. ಆದರೆ ಯಜಮಾನ ಎಚ್ಚರ ತಪ್ಪಿದರೆ ಅದು ಅಪ್ಪಣೆ ಇಲ್ಲದೆ ಯಾವ ಕೆಲಸವನ್ನೂ ಮಾಡಬಹುದು. "ಹುಲಿ ಇವಳ ಪಕ್ಕದಲ್ಲಿ ನಿಲ್ತದೆ" ಅಂದ. ಪಕ್ಕದಲ್ಲಿದ್ದವರ ಮೇಲೆ ಬರುವ ಒಂದು ಏಟನ್ನು ಪ್ರತಿ ಸುತ್ತಿನಲ್ಲೂ ಕೆಡಿಸುವ ಗುಣ ಹುಲಿಗೆ ಮೊದಲಿನಿಂದಲೂ ಇತ್ತು. ಇಷ್ಟು ದಿನ ಯಾರೂ ಬಳಸಿರಲೇ ಇಲ್ಲ. ಇವನು ಸಾವಿನ ದಾಳ ಎಸೆಯುತ್ತಾ ಇದ್ದ. ಎರಡು ಸೋಲು ಆಗಿತ್ತು, ಮೂರನೆಯದಾದರೆ ಪಾತ್ರ ಸತ್ತ ಹಾಗೆ. ಅವಳು ಎದ್ದು ನಿಂತು ದಾಳ ಎಸೆದಳು. ಹತ್ತೊಂಬತ್ತು. ಇನ್ನೊಮ್ಮೆ, ಹದಿನಾರು. ಕೊನೆಯ ರಾಕ್ಷಸ ಬಿದ್ದ. ಡಾಕ್ಟರ್ ಓಡಿ ಬಂದು ರಕ್ತ ನಿಲ್ಲಿಸಿದ. ಕೆಳಗಿನ ಮನೆಯ ಅಜ್ಜ "ಎಂತಾಯ್ತು ಮಕ್ಕಳೇ?" ಅಂತ ಮೇಲೆ ಬಂದರು. ಅಷ್ಟು ಬೊಬ್ಬೆ!

ಅವಳಿಗೆ ಕೊನೆಯ ಬಸ್ಸು ತಪ್ಪಿತು. ಡಾಕ್ಟರ್ ಸ್ಕೂಟರಿನಲ್ಲಿ ಕಾರ್ಕಳದವರೆಗೆ ಬಿಟ್ಟು ಬಂದ.

ಈಗ ಎಲ್ಲರೂ ಏಳನೇ ಮಟ್ಟ, ಹುಲಿಯ ಜೀವಾಂಕ 41. ನಿನ್ನೆ ರಾತ್ರಿ ಕಾಪುವಿನಿಂದ ಮೆಸೇಜು: "ಹುಲಿಯನ್ನು ಕಾರ್ಕಳದ ಕಲ್ಲಿನಲ್ಲಿ ಮಾಡಿದ್ರೆ ಎಂತಾದ್ರೂ ಜಾಸ್ತಿ ಸಿಗ್ತದಾ?" ಇಲ್ಲ ಮಾರಾಯ, ರೂಪ ಹೇಗೂ ಇರಬಹುದು, ಬಲ ಒಂದೇ ಅಂತ ಉತ್ತರಿಸಿದ್ದೇನೆ.