ದನಿಗೊಡುವ ಕಪ್ಪಗಲ್ಲು

ಸತ್ಯನಾರಾಯಣಪೇಟೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಹಾಲಿನ ಗಾಡಿ ಒಂದು ಸಂದಿಯಿಂದ ಇನ್ನೊಂದು ಸಂದಿಗೆ ತಿರುಗುತ್ತಿದೆ. ಯಾರೋ ಬಾಗಿಲ ಮುಂದೆ ನೀರು ಚೆಲ್ಲಿ ರಂಗೋಲಿಗೆ ಕೂತಿದ್ದಾರೆ. ಚೀಲದಲ್ಲಿ ನೀರಿನ ಬಾಟಲಿ ಎರಡಿರಲಿ, ತಲೆಗೆ ಟವೆಲ್ ಇರಲಿ, ಕಾಲಿಗೆ ಹಿಡಿತವಿರುವ ಬೂಟು ಇರಲಿ. ಬಳ್ಳಾರಿಯ ಬಿಸಿಲು ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಒಂಬತ್ತರ ಹೊತ್ತಿಗೆ ಗುಡ್ಡ ಇಳಿಯುತ್ತಿರಬೇಕು. ಆದರೂ ಇಷ್ಟು ನಸುಕಿಗೆ ಹೊರಡುವುದಕ್ಕೆ ಬಿಸಿಲಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಮೇಲೆ ಹೋದಾಗ ಅದು ಕಣ್ಣಿಗೇ ಕಾಣುತ್ತದೆ.

ಕಪ್ಪಗಲ್ ರಸ್ತೆ ಹಿಡಿಯಿರಿ. ಬಳ್ಳಾರಿಯ ಮಂದಿ ದಿನಾ ಈ ಹೆಸರು ಹೇಳುತ್ತಾರೆ. ಮನೆ ವಿಳಾಸದಲ್ಲಿ, ಆಟೊದವರ ಹತ್ತಿರ, ಮದುವೆ ಕಾಗದದಲ್ಲಿ. ಆ ಹೆಸರಿನ ಊರಿಗೆ ಹೋಗಿ ಗುಡ್ಡ ಹತ್ತಿ ಬಂದವರು ಮಾತ್ರ ಕಡಿಮೆ. ಈಶಾನ್ಯಕ್ಕೆ ಸಾಗಿದಂತೆ ಮನೆಗಳು ವಿರಳವಾಗುತ್ತವೆ, ಸೈಟುಗಳ ಗಡಿಕಲ್ಲು ಬರುತ್ತವೆ, ಆಮೇಲೆ ಎರೆಹೊಲ. ಸಮತಟ್ಟಾದ ಆ ಕಪ್ಪು ನೆಲದಿಂದ ಗುಡ್ಡಗಳು ಒಮ್ಮೆಗೇ ಎದ್ದು ನಿಂತಿವೆ: ಸಂಗನಕಲ್ಲಿನ ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ, ಅವುಗಳ ನೆರೆಯಲ್ಲಿ ಕಪ್ಪಗಲ್ಲಿನ ಹಿರೇಗುಡ್ಡ. ಬ್ರಿಟಿಷರ ಬರಹಗಳಲ್ಲಿ ಇದು ‘ಪೀಕಾಕ್ ಹಿಲ್’, ನವಿಲುಗುಡ್ಡ.

ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ. ಗುಡ್ಡವೆಲ್ಲ ಬೂದುಗೆಂಪಿನ ಗ್ರಾನೈಟು, ಬಳ್ಳಾರಿ ಸೀಮೆಯಲ್ಲಿ ಎಲ್ಲೆಲ್ಲೂ ಕಾಣುವ ಅದೇ ದುಂಡುಗುಂಡುಗಳ ರಾಶಿ. ಆದರೆ ಅದರ ನಡುವೆ ಅಡ್ಡಕ್ಕೆ ಒಂದು ಕಪ್ಪು ಪಟ್ಟಿ ಹಾದುಹೋಗಿದೆ. ಗ್ರಾನೈಟು ಬಿರುಕು ಬಿಟ್ಟ ಕಾಲದಲ್ಲಿ ಭೂಮಿಯೊಳಗಿನ ಕರಗಿದ ಶಿಲೆ ಆ ಬಿರುಕಿಗೆ ನುಗ್ಗಿ, ಅಲ್ಲೇ ತಣ್ಣಗಾಗಿ ಗಟ್ಟಿಯಾದದ್ದು. ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಡೈಕ್ ಎನ್ನುತ್ತಾರೆ. ಕೋಟಿಗಟ್ಟಲೆ ವರ್ಷದ ಗಾಳಿಮಳೆಗೆ ಅದು ಸೀಳಿ, ಒಡೆದು, ಕಪ್ಪು ಬಂಡೆಗಳಾಗಿ ಇಳಿಜಾರಿನ ಮೇಲೆ ಉರುಳಿ ಕೂತಿದೆ. ನೀವು ಹೋಗಬೇಕಾದ್ದು ಆ ಪಟ್ಟಿಗೆ.

ದಾರಿ ಅಂತ ಒಂದಿಲ್ಲ. ಕುರಿ ಹತ್ತಿದ ಜಾಡು ಸಿಗುತ್ತದೆ, ತಪ್ಪುತ್ತದೆ, ಮತ್ತೆ ಸಿಗುತ್ತದೆ. ಮುಳ್ಳುಕಂಟಿಗೆ ಅಂಗಿ ಸಿಕ್ಕಿಕೊಳ್ಳುತ್ತದೆ. ಬಂಡೆಸಂದಿಗೆ ಕೈ ಹಾಕುವ ಮುಂಚೆ ಒಮ್ಮೆ ನೋಡಿ, ಹಾವು ಚೇಳುಗಳ ಮನೆ ಅದು. ಏದುಸಿರು ಬಿಡುತ್ತ ಮೊದಲ ಕಪ್ಪು ಬಂಡೆ ಮುಟ್ಟುವ ಹೊತ್ತಿಗೆ ಪೂರ್ವದಲ್ಲಿ ಸೂರ್ಯ ಎದ್ದಿರುತ್ತಾನೆ. ಬಿಸಿಲು ಬಂಡೆಯ ಮೈಗೆ ಓರೆಯಾಗಿ ಬೀಳುತ್ತದೆ.

ಈಗ ನೋಡಿ. ಅರೆಗಳಿಗೆ ಹಿಂದೆ ಬರಿದಾಗಿದ್ದ ಕಲ್ಲಿನ ಮೇಲೆ ಒಂದು ಗೂಳಿ.

ಬೆನ್ನಿನ ಗೆರೆ ನೇರ, ಹೆಗಲ ಮೇಲೆ ಎತ್ತರದ ಇಣಿ, ಕೊಂಬು ಮೈಗಿಂತ ಉದ್ದ, ಮುಂದಕ್ಕೆ ಚಾಚಿ ಮೇಲಕ್ಕೆ ಬಾಗಿದೆ. ಹತ್ತಿರ ಹೋಗಿ ಮುಖವಿಟ್ಟು ನೋಡಿದರೆ ಗೆರೆಯೇ ಇಲ್ಲ, ಬರೀ ಚುಕ್ಕೆ. ಒಂದರ ಪಕ್ಕ ಒಂದು, ಸಾಸಿವೆಗಾತ್ರದ ಗಾಯಗಳು. ಉಳಿಯಿಂದ ಕೆತ್ತಿದ್ದಲ್ಲ ಇದು. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೇಲಿನ ಕಪ್ಪು ಪೊರೆ ಎಬ್ಬಿಸಿದ್ದು. ಪೊರೆ ಹೋದ ಕಡೆ ಒಳಗಿನ ತಿಳಿಬಣ್ಣ ಕಾಣುತ್ತದೆ. ಕಾಲ ಸರಿದಂತೆ ಆ ಗಾಯವೂ ಮತ್ತೆ ಕಪ್ಪಾಗುತ್ತದೆ. ಹಾಗಾಗಿ ಹಳೆಯ ಚಿತ್ರವಾದಷ್ಟೂ ಬಂಡೆಯ ಬಣ್ಣದಲ್ಲಿ ಮುಳುಗಿರುತ್ತದೆ. ನೆತ್ತಿಯ ಮೇಲಿನ ಬಿಸಿಲಿಗೆ ಅವು ಹೆಚ್ಚೂಕಡಿಮೆ ಮಾಯ. ಬೆಳಗಿನ, ಸಂಜೆಯ ಓರೆಬೆಳಕಿಗೆ ಮಾತ್ರ ಎದ್ದು ಬರುತ್ತವೆ. ನಸುಕಿಗೆ ಹೊರಟದ್ದು ಇದಕ್ಕೆ.

ಒಂದನ್ನು ಗುರುತಿಸಿದಿರೋ, ಆಮೇಲೆ ಕಣ್ಣು ಪಳಗುತ್ತದೆ. ಅಗೋ ಆ ಬಂಡೆಯ ಮೇಲೆ ದನಗಳ ಸಾಲು. ಇಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತ ಮನುಷ್ಯರು. ಬಿಲ್ಲು ಹಿಡಿದವನು. ಕೂಡಿದ ಗಂಡುಹೆಣ್ಣು, ಯಾವ ಮುಚ್ಚುಮರೆಯೂ ಇಲ್ಲದೆ. ಕೆಲವು ಚಿತ್ರಗಳು ತೀರ ತಲೆಕೆಡಿಸುವ ಜಾಗದಲ್ಲಿವೆ: ಕಾಲೂರಲು ನೆಲವಿಲ್ಲದ ಬಂಡೆಮುಖದ ಮೇಲೆ, ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ನೇತಾಡುತ್ತ ಕುಟ್ಟಿರಬೇಕು ಎನಿಸುವ ಕಡೆ. ಮೂರು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣ ಕಾಣದ ಜನ, ದನವನ್ನು ಇಷ್ಟು ಪ್ರೀತಿಸಿದ್ದರು. ನಂತರದ ಕಾಲದವರೂ ಇಲ್ಲಿ ಬಂದು ತಮ್ಮ ಗುರುತು ಸೇರಿಸಿದ್ದಾರೆ, ಆದರೆ ಗುಡ್ಡದ ಒಡೆತನ ಇನ್ನೂ ಗೂಳಿಯದೇ.

ಇದನ್ನು ಹೊರಜಗತ್ತಿಗೆ ತಿಳಿಸಿದ್ದು 1892ರಲ್ಲಿ, ಫ್ರೆಡ್ ಫಾಸೆಟ್ ಎಂಬ ಮದರಾಸು ಪ್ರಾಂತ್ಯದ ಪೊಲೀಸ್ ಅಧಿಕಾರಿ. ವಯನಾಡಿನ ಎಡಕಲ್ಲು ಗುಹೆಯ ಕೆತ್ತನೆಗಳನ್ನು ಬೆಳಕಿಗೆ ತಂದವರೂ ಇದೇ ಫಾಸೆಟ್. ಎಡಕಲ್ಲಿನ ಹೆಸರು ಕನ್ನಡಿಗರಿಗೆ ಭಾರತೀಸುತರ ಕಾದಂಬರಿಯಿಂದ, ಪುಟ್ಟಣ್ಣ ಕಣಗಾಲರ 1973ರ ಸಿನಿಮಾದಿಂದ ಮನೆಮಾತು. ಇವತ್ತು ಅಲ್ಲಿ ಟಿಕೆಟ್ಟಿಗೆ ಸಾಲು ನಿಲ್ಲುತ್ತದೆ. ಅದಕ್ಕೂ ಮೊದಲು ಫಾಸೆಟ್ ಬರೆದ ಬಳ್ಳಾರಿಯ ಗುಡ್ಡ ಮರೆತೇ ಹೋಯಿತು. 1951ರಲ್ಲಿ ಡಿ. ಎಚ್. ಗಾರ್ಡನ್ ಮತ್ತೆ ಬರೆದರು. ಮತ್ತೆ ಮರೆವು. ಈ ಶತಮಾನದ ಮೊದಲ ವರ್ಷಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ ಅವರ ತಂಡ ಬಂದು ಬಂಡೆ ಬಂಡೆಯನ್ನೂ ನೋಡಿತು. 2004ರಲ್ಲಿ ಬೊಯ್ವಿನ್ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಗುಡ್ಡದ ಇನ್ನೊಂದು ಗುಣ ದೇಶವಿದೇಶಕ್ಕೆ ಮುಟ್ಟಿತು. ಅದನ್ನು ನೋಡಲಾಗದು, ಕೇಳಬೇಕು.

ಈ ಬಂಡೆಯ ಅಂಚಿಗೆ ಬನ್ನಿ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಕುಳಿಗಳಿವೆ, ನುಣುಪಾಗಿ ಸವೆದಿವೆ. ಅವು ಚಿತ್ರವಲ್ಲ, ಯಾವ ಆಕಾರದ ಭಾಗವೂ ಅಲ್ಲ. ಬೆರಳು ಆಡಿಸಿದರೆ ಒಳಗೆ ಒಂದಿಷ್ಟೂ ಒರಟಿಲ್ಲ. ಪಕ್ಕದಲ್ಲಿ ಬಿದ್ದಿರುವ ಗ್ರಾನೈಟಿನ ಸಣ್ಣ ಗುಂಡುಕಲ್ಲು ಕೈಗೆ ತೆಗೆದುಕೊಳ್ಳಿ. ಚಿತ್ರವಿಲ್ಲದ ಕಡೆ, ಆ ಕುಳಿಗೆ, ಹಗುರಾಗಿ ಒಂದೇ ಏಟು.

ಜಾಗಟೆಯ ದನಿ. ಗುಡಿಯೊಳಗೆ ಮಂಗಳಾರತಿ ಹೊತ್ತಿಗೆ ಕೇಳುವ, ಎದೆಗೆ ಬಂದು ತಾಕುವ ಅದೇ ಲೋಹದ ದನಿ, ಕಲ್ಲಿನಿಂದ. ‘ಠಣ್’ ಎಂದು ಎದ್ದು, ಇಳಿಜಾರಿನ ಬಂಡೆಗಳಿಗೆ ತಾಗಿ, ಕೆಳಗಿನ ಹೊಲದ ಕಡೆ ಹೋಗುತ್ತದೆ. ಅಂಗೈಯನ್ನು ಬಂಡೆಯ ಮೇಲೆ ಇಡಿ, ಕಂಪನ ಇನ್ನೂ ನಿಂತಿರುವುದಿಲ್ಲ. ಪಕ್ಕದ ಕುಳಿಗೆ ತಟ್ಟಿದರೆ ಸ್ವರ ಬೇರೆ. ಅದರ ಮಗ್ಗುಲ ಬಂಡೆಗೆ ತಟ್ಟಿದರೆ ಬರೀ ‘ದಪ್’. ನೋಡಲು ಅದೂ ಅದೇ ಕಪ್ಪು, ಅದೇ ಗಾತ್ರ. ಗುಡ್ಡದಲ್ಲಿ ಕುರಿ ಮೇಯಿಸುವವರು ಸಿಕ್ಕರೆ ಕೇಳಿ ನೋಡಿ, ದನಿ ಕೊಡುವ ಕಲ್ಲು ಯಾವುದು ಎಂದು ಕೈ ತೋರಿಸಲು ಅವರಿಗೆ ಪುಸ್ತಕ ಬೇಕಿಲ್ಲ.

ಕಲ್ಲು ಮೊಳಗುವುದಕ್ಕೆ ಎರಡು ಸಂಗತಿ ಕೂಡಿಬರಬೇಕು. ಕಲ್ಲು ಕಣ ಬಿಗಿದು ಗಟ್ಟಿಯಾಗಿರಬೇಕು, ಒಳಗೆ ಬಿರುಕಿರಬಾರದು, ಡಾಲರೈಟು ಅಂಥದ್ದು. ಎರಡನೆಯದಾಗಿ ಬಂಡೆ ನೆಲಕ್ಕೆ ಪೂರ್ತಿ ಅಂಟಿ ಕೂತಿರಬಾರದು, ಒಂದೆರಡು ಕಡೆ ಮಾತ್ರ ಆತುಕೊಂಡು ಉಳಿದ ಮೈ ಗಾಳಿಗೆ ಬಿಟ್ಟಿರಬೇಕು. ಬಂಡೆಯನ್ನು ಅರ್ಧ ಅಡಿ ಸರಿಸಿದರೂ ದನಿ ಸತ್ತುಹೋಗಬಹುದು. ಆದ್ದರಿಂದ ಈ ವಾದ್ಯವನ್ನು ಎತ್ತಿ ಒಯ್ದು ಯಾವ ಮ್ಯೂಸಿಯಂನಲ್ಲೂ ಇಡುವಂತಿಲ್ಲ.

ಜಗತ್ತಿನಲ್ಲಿ ಇಂಥ ಜಾಗಗಳು ಬೆರಳೆಣಿಕೆಯಷ್ಟಲ್ಲ, ಆದರೆ ಎಲ್ಲ ಕಡೆಯೂ ಜನ ಹುಡುಕಿಕೊಂಡು ಹೋಗುವಂಥವು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ‘ರಿಂಗಿಂಗ್ ರಾಕ್ಸ್’ ಎಂಬ ಉದ್ಯಾನವೇ ಇದೆ. ಅಲ್ಲಿಯದೂ ಇದೇ ಜಾತಿಯ ಶಿಲೆ, ಮಕ್ಕಳು ಸುತ್ತಿಗೆ ಹಿಡಿದುಕೊಂಡೇ ಬರುತ್ತಾರೆ. 1890ರಲ್ಲಿ ಅಲ್ಲಿ ಡಾ. ಓಟ್ ಎಂಬುವರು ಆ ಕಲ್ಲುಗಳನ್ನು ಬ್ಯಾಂಡಿನ ಜೊತೆ ನುಡಿಸಿ ಕಛೇರಿ ಕೊಟ್ಟಿದ್ದರು. ಟಾಂಜಾನಿಯಾದ ಸೆರೆಂಗೆಟಿಗೆ ಸಿಂಹ ನೋಡಲು ಹೋದವರನ್ನು ಮೋರು ಬಂಡೆಗಳ ಕಡೆಗೂ ಕರೆದೊಯ್ದು ಅಲ್ಲಿನ ಗಂಟೆಕಲ್ಲು ತೋರಿಸುತ್ತಾರೆ. ನಮ್ಮಲ್ಲೇ ಹಂಪಿಯ ವಿಜಯವಿಠ್ಠಲ ಗುಡಿಯ ಸಪ್ತಸ್ವರ ಕಂಬಗಳಿಗೆ ಎಷ್ಟು ಜನ! ಆ ಕಂಬ ಕಡೆದ ಶಿಲ್ಪಿಗಳಿಗಿಂತ ಸುಮಾರು ಮೂರು ಸಾವಿರ ವರ್ಷ ಮೊದಲು, ಅದೇ ಸೀಮೆಯಲ್ಲಿ, ಕಲ್ಲಿನೊಳಗೆ ಸ್ವರವಿದೆ ಎಂದು ಕಂಡುಕೊಂಡವರು ಕಪ್ಪಗಲ್ಲಿನವರು. ಹಂಪಿಗೆ ಬಂದವರು ಅರವತ್ತೆಪ್ಪತ್ತು ಕಿಲೋಮೀಟರು ಮುಂದೆ ಬಂದು ಇದನ್ನು ಕೇಳದೆ ಹೋಗುತ್ತಾರಲ್ಲ ಎಂಬ ಸಂಕಟ ನನಗೆ ನಿಜಕ್ಕೂ ಇದೆ.

ಯಾಕೆ ಬಾರಿಸುತ್ತಿದ್ದರು? ಚಿತ್ರ ಕುಟ್ಟುವುದೂ ಕಲ್ಲು ಮೊಳಗಿಸುವುದೂ ಒಂದೇ ಆಚರಣೆಯ ಎರಡು ಕೈ ಇದ್ದಿರಬಹುದು ಎಂದು ಬೊಯ್ವಿನ್ ಊಹಿಸುತ್ತಾರೆ. ನೀವೇ ಇಲ್ಲಿ ನಿಂತಾಗ ಆ ಊಹೆ ದೂರದ್ದೆನಿಸುವುದಿಲ್ಲ. ಗೂಳಿಯ ಚಿತ್ರಕ್ಕೆ ಒಂದೊಂದು ಚುಕ್ಕೆ ಹಾಕಿದಾಗಲೂ ಕಲ್ಲು ಸದ್ದು ಮಾಡಿಯೇ ಮಾಡುತ್ತದೆ.

ಬಿಸಿಲು ಏರುವ ಮುಂಚೆ ಹಿರೇಗುಡ್ಡದ ಮೇಲಕ್ಕೆ ಹೆಜ್ಜೆ ಹಾಕಿ. ಅಲ್ಲಿ ನೆಲ ನೋಡಿಕೊಂಡು ನಡೆಯಬೇಕು. ಕಾಲಿನಡಿ ಚರಚರ ಎನ್ನುವುದು ಜಲ್ಲಿಯಲ್ಲ, ಡಾಲರೈಟಿನ ಚೂಪು ಚಕ್ಕೆಗಳು. ಇದು ಕೊಡಲಿಯ ಕಾರ್ಖಾನೆ. ಕಪ್ಪುಕಲ್ಲನ್ನು ಚಕ್ಕೆ ಎಬ್ಬಿಸಿ ರೂಪಕ್ಕೆ ತಂದು, ಕುಟ್ಟಿ ಹದಮಾಡಿ, ಕೊನೆಗೆ ಗ್ರಾನೈಟು ಬಂಡೆಯ ಮೇಲೆ ಉಜ್ಜಿ ಉಜ್ಜಿ ಬಾಯಿ ಹರಿತ ಮಾಡುತ್ತಿದ್ದರು. ಉಜ್ಜಿದ ಜಾಗ ಉದ್ದುದ್ದ ತೋಡಾಗಿ ಉಳಿದಿದೆ. ಸಂಗನಕಲ್ಲಿನ ಗುಡ್ಡಗಳಲ್ಲಿ ಸುಮಾರು ಕ್ರಿ.ಪೂ. 1900ರಿಂದ 1200ರವರೆಗೆ ಜನ ನೆಲೆಸಿದ್ದರು. ಅವರ ಒಲೆಬೂದಿಯಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಪ್ರಾಚೀನ ಸಸ್ಯಗಳ ತಜ್ಞ ಡೋರಿಯನ್ ಫುಲ್ಲರ್ ಪರೀಕ್ಷಿಸಿದಾಗ ಕಂಡದ್ದು ಹುರುಳಿ, ಹೆಸರು, ಕೊರಲೆ. ಈಗ ಸಿರಿಧಾನ್ಯದ ಅಂಗಡಿಯಲ್ಲಿ ಅಂದದ ಪೊಟ್ಟಣದಲ್ಲಿ ಕೊಳ್ಳುತ್ತೇವಲ್ಲ, ಅದೇ ಕೊರಲೆ. ಹುರುಳಿಯಂತೂ ಬಳ್ಳಾರಿಯ ಅಡುಗೆಮನೆ ಬಿಟ್ಟು ಹೋಗಿಯೇ ಇಲ್ಲ.

ಕಪ್ಪಗಲ್ಲಿನ ಹತ್ತಿರವೇ ಬೂದಿದಿಬ್ಬವೂ ಇದೆ. ಈ ದಿಬ್ಬಗಳು ಏನು ಎಂಬ ಜಗಳ ನೂರು ವರ್ಷಕ್ಕೂ ಹೆಚ್ಚು ನಡೆಯಿತು. ರಾಕ್ಷಸರನ್ನು ಸುಟ್ಟ ಬೂದಿ ಎಂದರು ಊರವರು. ವಿಜಯನಗರ ಕಾಲದ ಚಿತೆಗಳ ಕುರುಹು ಇರಬೇಕು ಎಂದುಕೊಂಡರು ಇತಿಹಾಸಕಾರ ರಾಬರ್ಟ್ ಸೀವೆಲ್. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ದನದ ದೊಡ್ಡಿಯ ಸಗಣಿ ಸುಟ್ಟದ್ದು ಎಂಬ ವಾದಕ್ಕೆ ಅಂಟಿಕೊಂಡರು. ಪ್ರಯೋಗಾಲಯದ ಪರೀಕ್ಷೆ, ಉತ್ನೂರಿನ ಬೂದಿದಿಬ್ಬದಲ್ಲಿ ಪುರಾತತ್ವಜ್ಞ ಆಲ್ಚಿನ್ ನಡೆಸಿದ ಅಗೆತ ಎಲ್ಲ ಮುಗಿದ ಮೇಲೆ ಗೆದ್ದದ್ದು ಸಗಣಿಯೇ. ಬಂಡೆಯ ಮೇಲಿನ ಗೂಳಿಗೂ ಈ ಬೂದಿಗೂ ನಂಟು ಹೇಳಲು ಪಂಡಿತರೇ ಬೇಕಾಗಿಲ್ಲ.

ಇಳಿಯುವಾಗ ಒಮ್ಮೆ ನಿಂತು ಸುತ್ತ ನೋಡಿ. ಬಳ್ಳಾರಿಯಲ್ಲಿ ಗುಡ್ಡವೆಂದರೆ ಕಲ್ಲು, ಕಲ್ಲೆಂದರೆ ಜಲ್ಲಿ, ಜಲ್ಲಿಯೆಂದರೆ ದುಡ್ಡು. ಕಪ್ಪಗಲ್ಲಿನ ಸುತ್ತ ಕಲ್ಲುಗಣಿಗಾರಿಕೆಯಿಂದ ಕೆತ್ತನೆಗಳಿಗೆ ಹಾನಿಯಾಗುತ್ತಿದೆ ಎಂದು ಬೊಯ್ವಿನ್ 2004ರಲ್ಲೇ ಎಚ್ಚರಿಸಿದ್ದರು. ಹತ್ತಿರದ ಇನ್ನಷ್ಟು ಹಳೆಯ ಚಿತ್ರಗಳು ಆಗಲೇ ಭಾಗಶಃ ಹಾಳಾಗಿದ್ದವು. ಒಡೆದ ಬಂಡೆ ಮತ್ತೆ ದನಿ ಕೊಡುವುದಿಲ್ಲ. ಈ ಗುಡ್ಡಕ್ಕೆ ಮೆಟ್ಟಿಲು ಬೇಡ, ಬಣ್ಣದ ದೀಪ ಬೇಡ. ಒಂದು ಫಲಕ, ಒಬ್ಬ ಕಾವಲುಗಾರ, ಸುತ್ತಲ ಗುಡ್ಡಗಳಲ್ಲಿ ಸಿಡಿಮದ್ದಿಗೆ ಖಡಾಖಂಡಿತ ನಿಷೇಧ, ಇಷ್ಟು ಬೇಕೇ ಬೇಕು. ಬರುವವರಿಗೂ ಒಂದು ಕೇಳಿಕೆ: ಚಿತ್ರ ಎದ್ದು ಕಾಣಲೆಂದು ಸೀಮೆಸುಣ್ಣ ತೀಡಬೇಡಿ, ಹೆಸರು ಗೀಚಬೇಡಿ, ಸುತ್ತಿಗೆಯಂತೂ ತರಲೇಬೇಡಿ. ಒಂದು ಸಲ ಕೇಳಿದರೆ ಸಾಕು, ಅದು ಕಿವಿಯಲ್ಲಿ ಉಳಿಯುತ್ತದೆ.

ಊರಿಗೆ ಮರಳಿದ ಮೇಲೆ ಒಗ್ಗರಣೆ, ಮಿರ್ಚಿ ತಿಂದು, ಬಿಸಿಲಿನ ಹೊತ್ತನ್ನು ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪ್ರಾಕ್ತನ ವಸ್ತುಸಂಗ್ರಹಾಲಯದಲ್ಲಿ ಕಳೆಯಿರಿ. ಬಳ್ಳಾರಿಯಲ್ಲೇ ಇದೆ. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಎತ್ತಿ ತೋರಿಸಿದ ಫೂಟ್ ಬಳ್ಳಾರಿ ಜಿಲ್ಲೆಯನ್ನು ಅಂಗುಲ ಅಂಗುಲ ಅಲೆದವರು, 1895ರಲ್ಲಿ ಜಿಲ್ಲೆಯ ಭೂವಿಜ್ಞಾನದ ಗ್ರಂಥವನ್ನೇ ಬರೆದವರು. ಅವರ ಹೆಸರಿನ ಈ ಮನೆಯಲ್ಲಿ, ಬೆಳಿಗ್ಗೆ ಚಕ್ಕೆಯಾಗಿ ಕಾಲಿಗೆ ಸಿಕ್ಕ ಕಪ್ಪುಕಲ್ಲು ಕೊಡಲಿಯಾಗಿ ಕಾಣುತ್ತದೆ. ಕಪಾಟಿನ ಮುಂದೆ ಬಗ್ಗಿ ಅದರ ಬಾಯಿ ನೋಡಿ: ಉಜ್ಜಿದ ಮಿರುಗು ಇನ್ನೂ ಇದೆ, ಹಿಂಬದಿ ಮಾತ್ರ ಕುಟ್ಟಿದ ಒರಟು, ಹಿಡಿಗೆ ಕಟ್ಟಲು ಬೇಕೆಂದೇ ಬಿಟ್ಟದ್ದು.

ಇನ್ನೊಂದು ದಿನ ಕೈಯಲ್ಲಿದ್ದರೆ ಸಿರುಗುಪ್ಪದ ಬಸ್ಸು ಹತ್ತಿ ತೆಕ್ಕಲಕೋಟೆಯಲ್ಲಿ ಇಳಿಯಿರಿ. 1963–64ರಲ್ಲಿ ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆಸಿದಾಗ ಇದೇ ಕಾಲದ ಗುಡ್ಡವಾಸಿಗಳ ಮನೆಗಳು ಸಿಕ್ಕವು, ಚಿನ್ನದ ಆಭರಣವೂ ಸಿಕ್ಕಿತು. ಅಲ್ಲಿಗೂ ನಸುಕಿಗೇ ಹೋಗುವುದು ಒಳ್ಳೆಯದು.