ತೊಪ್ಪೂರು ಘಟ್ಟ ಮತ್ತು ಹಿಂದಿನ ಗಾಜು

ಹೊಸೂರಿನಿಂದ ವೇಳಾಂಗಣಿಗೆ ಕೃಷ್ಣಗಿರಿ, ಧರ್ಮಪುರಿ, ಸೇಲಂ, ತಿರುಚಿ, ತಂಜಾವೂರು ದಾಟಿ 400 ಕಿ.ಮೀ.ಗೂ ಹೆಚ್ಚು ದಾರಿ. ಯಾವ ಮನೆಯವರು ಎಷ್ಟು ಸಲ ಹೋಗಿದ್ದಾರೆಂಬುದು ಅವರ ಕಾರಿನ ಹಿಂದಿನ ಗಾಜು ನೋಡಿದರೆ ತಿಳಿಯುತ್ತದೆ. ಪ್ರತಿ ಯಾತ್ರೆಗೆ ಆರೋಗ್ಯ ಮಾತೆಯ ಒಂದು ಸ್ಟಿಕ್ಕರ್, ಪಕ್ಕಕ್ಕೆ ಸಂತ ಅಂತೋಣಿ, ಬಾಲಯೇಸು, ಮಕ್ಕಳ ಹೆಸರು, ಶಾಲೆಯ ಲಾಂಛನ.

ಬೇಸಿಗೆ ರಜೆಯಲ್ಲಿ ನಾವು ಒಂದು ಕುಟುಂಬದ ಜೊತೆ ಹೊರಟಾಗ ಅವರ ಗಾಜಿನ ಮೇಲೆ ಹನ್ನೊಂದು ಇದ್ದವು. ಧರ್ಮಪುರಿ ಕಳೆದ ಮೇಲೆ ತೊಪ್ಪೂರು ಘಟ್ಟ, ಸೇಲಂ ಕಡೆಗೆ ಇಳಿಜಾರು. ಡೀಸೆಲ್ ಉಳಿಸಲು ಗೇರ್ ತಪ್ಪಿಸಿ ಇಳಿಯುವ ಲಾರಿಗಳ ಬ್ರೇಕು ಕಾದು ಹಿಡಿಯದೆ ಹೋಗಿ, ಎಷ್ಟೋ ಜೀವಗಳು ಹೋದ ಜಾಗ. ಅಲ್ಲಿ ಹಿಂದೆ ಏನು ಬರುತ್ತಿದೆ ಎಂದು ಕಾಣಲೇಬೇಕು. ನಮ್ಮ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಸಂತರ ಬೆನ್ನು!

ಘಟ್ಟಕ್ಕೆ ಮುಂಚೆ ಒಂದು ಚಹಾ ಅಂಗಡಿಯ ಹತ್ತಿರ ನಿಲ್ಲಿಸಿ, ಇವನ್ನು ಬಿಡಿಸೋಣ ಎಂದೆವು. ಮನೆಯ ಅಜ್ಜಿಗೆ ಕೋಪ ಬಂತು. “ಇಷ್ಟು ವರ್ಷ ಕಾಪಾಡಿದ ತಾಯಿನ ಕೆರೆದು ಬಿಸಾಡೋದಾ ಫಾದರ್?”

ಕೇಳಿದ್ದು ನ್ಯಾಯವೇ. ಆಶೀರ್ವದಿಸಿದ ವಸ್ತು ಹಳತಾದರೆ ಸುಡುವುದು ಇಲ್ಲವೇ ಮಣ್ಣಿನಲ್ಲಿ ಹೂಳುವುದು ಧರ್ಮಸಭೆಯ ರೂಢಿ. ಪ್ಲಾಸ್ಟಿಕ್ ಸುಟ್ಟರೆ ವಿಷದ ಹೊಗೆ, ಆದ್ದರಿಂದ ಹೂಳುವುದೇ ಲೇಸು ಎಂದು ಹೇಳಿ, ಒಂದು ಕಾಗದದ ಕವರನ್ನು ಅಜ್ಜಿಯ ಕೈಗೇ ಕೊಟ್ಟೆವು.

ಬಿಸಿಲಲ್ಲಿ ವರ್ಷಗಟ್ಟಲೆ ಬೆಂದ ಸ್ಟಿಕ್ಕರ್ ಮೃದುತ್ವ ಕಳೆದುಕೊಂಡು ಚೂರುಚೂರಾಗಿ ಹರಿಯುತ್ತದೆ, ಅಂಟು ಗಾಜಿಗೇ ಉಳಿಯುತ್ತದೆ. ಅಂಗಡಿಯವರು ಬಿಸಿನೀರು ಕೊಟ್ಟರು. ಬಟ್ಟೆ ಅದ್ದಿ, ಹಿಂಡಿ, ಒತ್ತಿ ಹಿಡಿದರೆ ಅಂಟು ಮೆತ್ತಗಾಗುತ್ತದೆ. (ಕುದಿಯುವ ನೀರು ಸುರಿಯಬೇಡಿ, ಗಾಜು ಬಿರಿದೀತು.) ಮೂಲೆಯನ್ನು ಹಳೆಯ ಎಟಿಎಂ ಕಾರ್ಡಿನಿಂದ ಎಬ್ಬಿಸಿ ಮೆಲ್ಲಗೆ ಎಳೆದೆವು. ಒಳಗಡೆ ಅಂಟಿಸಿದ್ದ ಹೆಸರುಗಳಿಗೆ ಮೊಮ್ಮಗ ಬ್ಲೇಡು ತಂದ. ಬೇಡವೆಂದೆವು. ಅನೇಕ ಕಾರುಗಳ ಹಿಂದಿನ ಗಾಜಿನ ಒಳಮೈಯಲ್ಲಿ ಕಾಣುವ ಸಣ್ಣ ಗೆರೆಗಳು ಮಂಜು ಕರಗಿಸುವ ವಿದ್ಯುತ್ ಎಳೆಗಳು. ಒಂದು ಕಡೆ ತುಂಡಾದರೂ ಆ ಗೆರೆ ಕೆಲಸ ಮಾಡದು.

ಉಳಿದ ಅಂಟಿಗೆ ಅಜ್ಜಿಯ ಚೀಲದ ಕೊಬ್ಬರಿ ಎಣ್ಣೆಯೇ ಒದಗಿತು. ನೀರಿಗೆ ಜಗ್ಗದ ಅಂಟು ಎಣ್ಣೆ ಹೀರಿ ಉಬ್ಬುತ್ತದೆ. 10 ನಿಮಿಷ ಬಿಟ್ಟು ಉಜ್ಜಿದರೆ ಉಂಡೆಯಾಗಿ ಬರುತ್ತದೆ. ಆಮೇಲೆ ಸೋಪು ನೀರಿನಿಂದ ತೊಳೆಯಲೇಬೇಕು, ಇಲ್ಲದಿದ್ದರೆ ರಾತ್ರಿ ಹೆಡ್‌ಲೈಟಿನ ಬೆಳಕು ಎಣ್ಣೆಯ ಮಬ್ಬಿನಲ್ಲಿ ಹರಡಿ ಕಣ್ಣು ಕುಕ್ಕುತ್ತದೆ. ಯಾರೋ ಪೆಟ್ರೋಲ್ ಅಂದರು. ಉರಿಯುವ ಒಲೆಯ ಪಕ್ಕದಲ್ಲಿ!

ಮುಂದಿನ ಗಾಜಿನಲ್ಲಿ ಎರಡು ಫಾಸ್ಟ್‌ಟ್ಯಾಗ್‌ಗಳಿದ್ದವು. ಹಳೆಯದು ಯಾವುದೆಂದು ಖಚಿತ ಮಾಡಿಕೊಂಡೇ ಕಿತ್ತೆವು. ಒಮ್ಮೆ ಕಿತ್ತ ಟ್ಯಾಗ್ ಮತ್ತೆ ಉಪಯೋಗಕ್ಕೆ ಬಾರದು.

ಘಟ್ಟ ಇಳಿಯುವಾಗ ಹಿಂದಿನಿಂದ ರಭಸವಾಗಿ ಬರುತ್ತಿದ್ದ ಲಾರಿಯೊಂದು ಕನ್ನಡಿಯಲ್ಲಿ ದೂರದಿಂದಲೇ ಕಂಡಿತು. ಮಗ ಎಡಕ್ಕೆ ಸರಿದು ದಾರಿ ಕೊಟ್ಟ. ಸೇಲಂ ಬರುವವರೆಗೆ ಯಾರೂ ಮಾತಾಡಲಿಲ್ಲ, ಅಜ್ಜಿಯ ಜಪಸರ ಮಾತ್ರ ನಡೆದಿತ್ತು.

ವೇಳಾಂಗಣಿಯಲ್ಲಿ ಬಲಿಪೂಜೆ ಮುಗಿಸಿ ಕಡಲ ಕಡೆಗೆ ನಡೆದರೆ ಎರಡೂ ಬದಿ ಅಂಗಡಿಗಳು, ಮೇಣದ ಬತ್ತಿ, ಜಪಸರ, ಉಪ್ಪು ಗಾಳಿ. ಸ್ಟಿಕ್ಕರ್ ಮಾರುವ ಹುಡುಗ ಅಜ್ಜಿಯನ್ನು ಬಿಡಲಿಲ್ಲ. ಒಂದನ್ನು ಕೊಂಡರು. ನಾವು ಅವರ ಮುಖ ನೋಡಿದೆವು. “ಕಾರಿಗಲ್ಲ ಫಾದರ್, ಅಕ್ಕಿ ಡಬ್ಬಿಗೆ” ಅಂದರು. ಆ ಕವರನ್ನು ಮಾತ್ರ ಊರಿಗೆ ಬಂದ ಮೇಲೆ ತಮ್ಮ ಮಲ್ಲಿಗೆ ಬಳ್ಳಿಯ ಬುಡದಲ್ಲಿ ತಾವೇ ಹೂತರು.