ಮನೆಗೆ ತಕ್ಕ ನಾಯಿ

ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಗಳು ನನ್ನಲ್ಲಿ ಕೇಳುವ ಪ್ರಶ್ನೆಗಳೂ ಬದಲಾಗಿವೆ. ಮಕ್ಕಳ ಓದು, ಮನೆ ಕಟ್ಟುವುದು, ಸಂಬಂಧ ನೋಡುವುದು, ಇವುಗಳ ಜೊತೆಗೆ ಈಚೆಗೆ "ಸರ್, ಯಾವ ಜಾತಿಯ ನಾಯಿ ಸಾಕಲಿ?" ಎಂಬುದೂ ಸೇರಿದೆ. ಹಾಗೆ ಕೇಳುವ ನಮ್ಮ ಭಾಗದವರ ಮನಸ್ಸಿನಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: ಮುಧೋಳ ನಾಯಿ.

ಈ ಅಭಿಮಾನ ಸಹಜವೇ. ಹಿಡಕಲ್‌ನಲ್ಲಿ ತಡೆದು ನಿಂತು, ಗೋಕಾಕದಲ್ಲಿ ಧುಮುಕುವ ಘಟಪ್ರಭೆಯೇ ಮುಂದೆ ಮುಧೋಳ ಸೀಮೆಗೂ ನೀರುಣಿಸುತ್ತದೆ. ಅಲ್ಲಿಯ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರವುಳ್ಳ ಅಂಚೆಚೀಟಿ 2005ರಲ್ಲಿ ಬಂದಿತು. 2016ರಲ್ಲಿ ಭಾರತೀಯ ಸೇನೆ ಮೀರತ್‌ನಲ್ಲಿ ಇದಕ್ಕೆ ತರಬೇತಿ ಆರಂಭಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ.

ಆದರೆ ಅದರ ಮೈಕಟ್ಟನ್ನು ಒಮ್ಮೆ ಗಮನಿಸಿರಿ. ಸಣ್ಣ ನಡು, ಆಳವಾದ ಎದೆ, ನೀಳ ಕಾಲು. ಮೂಗಿಗಿಂತ ಕಣ್ಣನ್ನು ನಂಬಿ, ಬಯಲಿನಲ್ಲಿ ಮೊಲವನ್ನು ಅಟ್ಟಿಸಿಕೊಂಡು ಓಡಲೆಂದೇ ರೂಪುಗೊಂಡ ಪ್ರಾಣಿ ಅದು. ಓಟವೇ ಅದರ ಆಹಾರದ ಅರ್ಧ ಭಾಗ.

ಗೋಕಾಕದಲ್ಲಿ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿರುವ ನನ್ನ ಶಿಷ್ಯನೊಬ್ಬ ಇಂಥ ಮರಿಯೊಂದನ್ನು ತಂದನು. ಗಂಡ ಹೆಂಡಿರಿಬ್ಬರೂ ನೌಕರರು. ನಾಯಿ ದಿನವಿಡೀ ಸರಪಳಿಯಲ್ಲಿ. ಎಂಟು ತಿಂಗಳಾಗುವಷ್ಟರಲ್ಲಿ ಅದು ಬಾಗಿಲು ಕೆರೆಯತೊಡಗಿತು, ಊಳಿಡತೊಡಗಿತು. ನೆರೆಯವರು ಜಗಳಕ್ಕೆ ಬಂದರು. ಕೊನೆಗೆ ಮೂಡಲಗಿ ಕಡೆಯ ಬೀಗರ ತೋಟಕ್ಕೆ ಕಳಿಸಿದರು. ಅಲ್ಲಿ ಕಬ್ಬಿನ ಬದುವಿನುದ್ದಕ್ಕೂ ಓಡುತ್ತ ಅದು ಈಗ ಸುಖವಾಗಿದೆ. ಆದರೆ ಆ ಮನೆಯ ಹತ್ತು ವರ್ಷದ ಬಾಲಕ ಎರಡು ದಿನ ಊಟ ಬಿಟ್ಟಿದ್ದನು. ನಾಯಿ ಕೆಟ್ಟದ್ದಾಗಿರಲಿಲ್ಲ, ಮನೆಯವರೂ ಕೆಟ್ಟವರಲ್ಲ. ಜೋಡಿ ಕೂಡಿರಲಿಲ್ಲ, ಅಷ್ಟೆ.

ಪರದೇಶದ ತಳಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೈಬೀರಿಯದ ಹಿಮಕ್ಕೆಂದು ಎರಡು ಪದರ ಕೂದಲು ಹೊತ್ತ ಹಸ್ಕಿಗೆ ನಮ್ಮ ಏಪ್ರಿಲ್ ತಿಂಗಳ ಬಿಸಿಲು ಶಿಕ್ಷೆಯೇ ಸರಿ. ಜಾಹೀರಾತಿನಿಂದ ಮನೆಮಾತಾದ ಪಗ್ ನಾಯಿಗೆ ಮೂಗು ಮೋಟಾದ್ದರಿಂದ ಸೆಕೆಯಲ್ಲಿ ಉಸಿರಾಟವೇ ಕಷ್ಟ. ಲ್ಯಾಬ್ರಡಾರ್ ಸ್ನೇಹಜೀವಿ, ನಿಜ. ಆದರೆ ಅದು ಹೊಟ್ಟೆಬಾಕ, ನಡೆದಾಡಿಸದಿದ್ದರೆ ಬಹುಬೇಗ ಬೊಜ್ಜು ಬೆಳೆಯುತ್ತದೆ. ಹುಕ್ಕೇರಿಯಲ್ಲಿರುವ ನನ್ನ ವಯಸ್ಸಿನ ದಂಪತಿಗಳು ಕೇಳಿದಾಗ, ಹಗ್ಗ ಜಗ್ಗುವ ದೊಡ್ಡ ಮರಿ ಬೇಡ, ಓಣಿಯಲ್ಲೇ ಬೆಳೆದ ಸಾಧು ಸ್ವಭಾವದ ನಾಡನಾಯಿಯನ್ನು ತನ್ನಿರಿ ಎಂದೆನು. ನಮ್ಮ ಹವೆ, ನಮ್ಮ ರೊಟ್ಟಿ ಎರಡೂ ಅದಕ್ಕೆ ಒಗ್ಗಿವೆ.

ಆದ್ದರಿಂದ ತಳಿಯ ಹೆಸರು ಕೇಳುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿರಿ: ಬೆಳಗಿನ ಆರಕ್ಕೆ ಅದನ್ನು ಅಡ್ಡಾಡಿಸುವವರು ಯಾರು? ಜಾತ್ರೆಗೆ, ಮದುವೆಗೆ ಹೋದಾಗ ನೋಡಿಕೊಳ್ಳುವವರು ಯಾರು? ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ಪಶುವೈದ್ಯರು ಹೇಳಿದಾಗಲೆಲ್ಲ ಮತ್ತೊಂದು, ಇದನ್ನು ನೆನಪಿಡುವವರು ಯಾರು? ಹತ್ತು ಹನ್ನೆರಡು ವರ್ಷ ಬಾಳುವ ಜೀವವದು. ಈ ಪ್ರಶ್ನೆಗಳಿಗೆ ಮನೆಯವರೆಲ್ಲರೂ ಕೂಡಿ ಉತ್ತರ ಕಂಡುಕೊಂಡ ದಿನ, ಯಾವ ನಾಯಿ ಎಂಬುದು ತಾನಾಗಿಯೇ ತಿಳಿಯುತ್ತದೆ.